ಸಿಬ್ಬಂದಿಯ ನೆಮ್ಮದಿ ಅಳೆಯುವ ಸರ್ವೆ: ಮೊದಲ ಕಾಗದದಿಂದ ಕೊನೆಯ ವರದಿವರೆಗೆ

ಎಂ.ಎಸ್ಸಿ. ನರ್ಸಿಂಗ್, ಎಂ.ಎಸ್.ಡಬ್ಲ್ಯು., ಸೈಕಾಲಜಿ ಓದುವವರು, ಶಾಲೆಯ ಕೌನ್ಸೆಲರ್‌ಗಳು, ಕಂಪನಿಯ ಎಚ್‌ಆರ್‌ನವರು ಎಲ್ಲರಿಗೂ ಒಂದಲ್ಲ ಒಂದು ದಿನ ಜನರ ನೆಮ್ಮದಿ ಅಳೆಯುವ ಈ ಸರ್ವೆ ಕೆಲಸ ಬಂದೇ ಬರುತ್ತದೆ. ಎಡವುವುದು ಮಾತ್ರ ಒಂದೇ ಜಾಗದಲ್ಲಿ. ಮೊದಲ ದಿನವೇ ಒಂದು ಪ್ರಶ್ನಾವಳಿ ಡೌನ್‌ಲೋಡ್ ಮಾಡಿ, ಗೂಗಲ್ ಫಾರ್ಮ್‌ಗೆ ಹಾಕಿ, ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಬಿಡುತ್ತಾರೆ. ಉತ್ತರ ಬಂದು ಬಿದ್ದ ಮೇಲೆ "ಇದರಿಂದ ಏನು ಹೇಳಬಹುದು?" ಅಂತ ತಲೆ ಕೆರೆದುಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ತಿದ್ದುವ ಅವಕಾಶ ಮುಗಿದಿರುತ್ತದೆ.

ಇಲ್ಲಿ ಉದಾಹರಣೆಗೆ 200 ನರ್ಸ್‌ಗಳಿರುವ ಒಂದು ಆಸ್ಪತ್ರೆಯನ್ನು ಇಟ್ಟುಕೊಳ್ಳೋಣ. ಶಾಲೆಗೆ, ಕಚೇರಿಗೆ ಕ್ರಮ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಮುದ್ರಿಸಿದ ಫಾರ್ಮ್, ಬೀಗ ಹಾಕುವ ಪೆಟ್ಟಿಗೆ, ಲಕೋಟೆ. ಅಂಕಿ ತುಂಬಲು ಎಕ್ಸೆಲ್ ಅಥವಾ ಲಿಬ್ರೆ ಆಫೀಸ್. ಲೆಕ್ಕಕ್ಕೆ ಜಮೋವಿ ಇಲ್ಲವೇ ಜಾಸ್ಪ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್. ಎರಡೂ ಉಚಿತ, ಈ ಮಟ್ಟದ ಕೆಲಸಕ್ಕೆ ಧಾರಾಳ. ಮೊಬೈಲಿನಲ್ಲೇ ತುಂಬಿಸುವುದಾದರೆ ಕೋಬೋ ಟೂಲ್‌ಬಾಕ್ಸ್ ಚೆನ್ನಾಗಿದೆ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ.

## 1. ಉತ್ತರ ಬಂದರೆ ಏನು ಮಾಡುತ್ತೀರಿ, ಅದನ್ನು ಬರೆಯಿರಿ

"ನರ್ಸ್‌ಗಳ ಒತ್ತಡದ ಅಧ್ಯಯನ" ಅನ್ನುವುದು ಶೀರ್ಷಿಕೆ ಅಷ್ಟೇ, ಪ್ರಶ್ನೆ ಅಲ್ಲ. "ತಿಂಗಳಿಗೆ ಎಂಟಕ್ಕಿಂತ ಜಾಸ್ತಿ ನೈಟ್ ಡ್ಯೂಟಿ ಮಾಡುವ ಸಿಸ್ಟರ್‌ಗಳ ನೆಮ್ಮದಿಯ ಅಂಕ ಉಳಿದವರಿಗಿಂತ ಕಡಿಮೆ ಇದೆಯೇ?" ಅನ್ನುವುದು ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ನರ್ಸಿಂಗ್ ಸೂಪರಿಂಟೆಂಡೆಂಟ್ ರೋಸ್ಟರ್ ಬದಲಿಸುವ ಬಗ್ಗೆ ಯೋಚಿಸಬಹುದು.

ಈಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ಕೊನೆಯ ವರದಿಯ ಟೇಬಲ್ ಬರೆಯಿರಿ. ಅಡ್ಡಸಾಲು, ಉದ್ದಸಾಲು, ತಲೆಬರಹ ಎಲ್ಲ ಇರಲಿ, ಅಂಕಿ ಮಾತ್ರ ಖಾಲಿ ಬಿಡಿ. ಟೇಬಲ್ಲಿನಲ್ಲಿ ಜಾಗ ಇಲ್ಲದ ಪ್ರಶ್ನೆ ಫಾರ್ಮಿನಲ್ಲೂ ಇರಬಾರದು. ಧರ್ಮ, ಮದುವೆ, ತಿಂಗಳ ಆದಾಯ ಇವನ್ನೆಲ್ಲ ಹಿಂದಿನ ವರ್ಷದ ಡಿಸರ್ಟೇಶನ್ನಿನಿಂದ ಹಾಗೇ ಎತ್ತಿ ಹಾಕುವ ಚಾಳಿ ಇದೆ. ಬೇಕಿಲ್ಲದಿದ್ದರೆ ಕಿತ್ತುಹಾಕಿ.

ಎಚ್ಚರಿಕೆಯ ಗುರುತು: "ಸರ್ವೆ ಮಾಡಿ, ಆದರೆ ರೋಸ್ಟರ್ ವಿಷಯ, ಸಂಬಳದ ವಿಷಯ ಮಾತ್ರ ಬೇಡ" ಅಂತ ಆಡಳಿತದವರು ಅಂದರೆ ಅಲ್ಲೇ ನಿಲ್ಲಿ. ಬದಲಿಸಲು ಮನಸ್ಸಿಲ್ಲದ ಕಡೆ ಸರ್ವೆ ಮಾಡಿದರೆ ಜನ ಮುಂದಿನ ಸಲ ಫಾರ್ಮ್ ಮುಟ್ಟುವುದೂ ಇಲ್ಲ.

## 2. ಅನುಮತಿ, ಒಪ್ಪಿಗೆ, ಸುರಕ್ಷತೆ

ಆಸ್ಪತ್ರೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಎಥಿಕ್ಸ್ ಕಮಿಟಿಯ (ಅಧ್ಯಯನದಿಂದ ಭಾಗವಹಿಸುವವರಿಗೆ ತೊಂದರೆ ಆಗದಂತೆ ನೋಡುವ ಸಮಿತಿ) ಪತ್ರ ಕೈಗೆ ಬರುವ ಮುನ್ನ ಒಂದು ಫಾರ್ಮನ್ನೂ ತುಂಬಿಸಬೇಡಿ. ನಂತರ ಬಂದ ಅನುಮತಿ ಹಿಂದೆ ಸಂಗ್ರಹಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಅರ್ಜಿ ಬರೆದರೆ ಪದೇ ಪದೇ ವಾಪಸ್ ಬರುವುದು ತಪ್ಪುತ್ತದೆ. ಕಮಿಟಿ ದಿನಾ ಸೇರುವುದಿಲ್ಲ. ಮುಂದಿನ ಮೀಟಿಂಗ್ ಯಾವಾಗ ಅಂತ ಮೊದಲೇ ವಿಚಾರಿಸಿ, ಅಲ್ಲಿಂದ ಹಿಂದಕ್ಕೆ ದಿನ ಲೆಕ್ಕ ಹಾಕಿ.

ಸಂಸ್ಥೆಯ ಅನುಮತಿ ಬೇರೆ, ಫಾರ್ಮ್ ತುಂಬುವವರ ಒಪ್ಪಿಗೆ ಬೇರೆ. ಶಾಲೆಯಲ್ಲಿ ಇದು ಜಾಸ್ತಿ ಕೆಡುತ್ತದೆ. ಹೆಡ್‌ಮೇಷ್ಟ್ರು ಹೂಂ ಅಂದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ತಂದೆ-ತಾಯಿಯ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಾದರೆ ಮಗುವಿನ ಸಮ್ಮತಿಯೂ ಬೇಕು. ಮಗು "ಬೇಡ" ಅಂದರೆ ಅಪ್ಪ ಸಹಿ ಹಾಕಿದ್ದರೂ ಬೇಡವೇ.

ಕಚೇರಿಯ ಒಳಗಿನ ಸರ್ವೆಗೆ ಕಮಿಟಿ ಇರದೇ ಇರಬಹುದು. ಆದರೂ ಉತ್ತರ ಕೊಡದಿದ್ದರೆ ಅಪ್ರೈಸಲ್‌ಗೆ ತೊಂದರೆ ಇಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ಕೊಡಿಸಿ. ಬಾಯಿಮಾತು ನಡೆಯುವುದಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಖಿನ್ನತೆ ಅಳೆಯುವ ಪಿಎಚ್‌ಕ್ಯು–9 ಪ್ರಶ್ನಾವಳಿ ಬಳಸಿದರೆ ಅದರ ಒಂಬತ್ತನೇ ಪ್ರಶ್ನೆ, ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತಿದೆಯೇ ಎಂಬುದು. ಹೆಸರಿಲ್ಲದ ಫಾರ್ಮಿನಲ್ಲಿ ಯಾರೋ ಒಬ್ಬರು "ದಿನಾ ಬರುತ್ತದೆ" ಅಂತ ಗುರುತು ಹಾಕಿದರೆ ಅವರನ್ನು ಹುಡುಕುವುದು ಹೇಗೆ? ಅದೇ ದಿನ ನೋಡಿ ಸ್ಪಂದಿಸುವ ವ್ಯವಸ್ಥೆ ಇದ್ದರೆ ಮಾತ್ರ ಆ ಪ್ರಶ್ನೆ ಕೇಳಿ. ಇಲ್ಲವಾದರೆ ಆ ಪ್ರಶ್ನೆಯೇ ಇಲ್ಲದ ಬೇರೆ ಅಳತೆಗೋಲು ಆರಿಸಿ. ಯಾವುದನ್ನೇ ಬಳಸಿದರೂ ಫಾರ್ಮಿನ ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಪ್ಪಕ್ಷರದಲ್ಲಿ ಇರಲಿ. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಆ ತುಂಡನ್ನು ಹರಿದು ಜೇಬಿಗೆ ಹಾಕಿಕೊಳ್ಳುವಂತೆ ಮುದ್ರಿಸಿದರೆ ಇನ್ನೂ ಒಳ್ಳೆಯದು.

## 3. ಅಳತೆಗೋಲು ಆರಿಸುವುದು

ಪ್ರಶ್ನಾವಳಿಯ ಸರದಿ ಬರುವುದು ಈಗ. ಸ್ವಂತ ಪ್ರಶ್ನೆ ಬರೆಯುವ ಆಸೆ ಬಿಡಿ. ಪರೀಕ್ಷೆಗೆ ಒಳಗಾದವು ಸಾಕಷ್ಟಿವೆ.

ಸಾಮಾನ್ಯ ನೆಮ್ಮದಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ–5. ಐದೇ ವಾಕ್ಯ, ಕಳೆದ ಎರಡು ವಾರದ ಬಗ್ಗೆ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ನಿಂತುಕೊಂಡೇ ತುಂಬಬಹುದು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಇದೇ.

ಒತ್ತಡಕ್ಕೆ: ಪಿಎಸ್‌ಎಸ್–10. ಕಳೆದ ಒಂದು ತಿಂಗಳ ಬಗ್ಗೆ ಹತ್ತು ಪ್ರಶ್ನೆ. ಉತ್ತರಿಸುವುದು ಸುಲಭ, ಅಂಕ ಹಾಕುವಾಗ ಒಂದು ಬಲೆ ಇದೆ. ಮುಂದೆ ಹೇಳುತ್ತೇನೆ.

ಕೆಲಸದಿಂದ ಬಸವಳಿಯುವುದಕ್ಕೆ, ಅಂದರೆ ಬರ್ನ್‌ಔಟ್‌ಗೆ: ಎಲ್ಲರೂ ಹೆಸರು ಹೇಳುವುದು ಮಾಸ್ಲಾಕ್ ಇನ್ವೆಂಟರಿ. ಅದಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಸೀನಿಯರ್ ಕೊಟ್ಟ ಜೆರಾಕ್ಸ್ ಬಳಸಿದರೆ ಪೇಪರ್ ಪ್ರಕಟಿಸುವಾಗ ಸಿಕ್ಕಿಬೀಳುತ್ತೀರಿ. ಉಚಿತವಾಗಿ ಸಿಗುವ ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿ ಇದೆ, 19 ಪ್ರಶ್ನೆ. ಸುಸ್ತು ಒಟ್ಟಾರೆ ಬದುಕಿನದೋ, ಕೆಲಸದ್ದೋ, ರೋಗಿಗಳ ಜೊತೆಗಿನ ಒಡನಾಟದ್ದೋ ಅಂತ ಮೂರು ಭಾಗವಾಗಿ ಅಳೆಯುತ್ತದೆ. ನರ್ಸ್‌ಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಮಕ್ಕಳ ವರ್ತನೆಗೆ: ಎಸ್‌ಡಿಕ್ಯು, 25 ವಾಕ್ಯ. ಟೀಚರ್, ಪೋಷಕರು, ದೊಡ್ಡ ಮಕ್ಕಳು ಮೂವರಿಗೂ ಬೇರೆ ಬೇರೆ ಫಾರ್ಮ್ ಇವೆ. ದೊಡ್ಡವರ ಪ್ರಶ್ನಾವಳಿಯನ್ನು ಏಳನೇ ಕ್ಲಾಸಿನ ಮಕ್ಕಳಿಗೆ ಕೊಡಬೇಡಿ.

ನಾಲ್ಕು ಅಳತೆಗೋಲು ಒಟ್ಟಿಗೆ ಹಾಕಿದರೆ ಡಿಸರ್ಟೇಶನ್ ದಪ್ಪ ಆಗುತ್ತದೆ, ಅಷ್ಟೇ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ತುಂಬುವವರು ಕಣ್ಣು ಮುಚ್ಚಿ ಗೀಟು ಎಳೆಯುತ್ತಾರೆ.

## 4. ಕನ್ನಡಕ್ಕೆ ತರುವುದು

ಆರಿಸಿದ ಪ್ರಶ್ನಾವಳಿಯ ಕನ್ನಡ ರೂಪ ಅದರ ಒಡೆತನ ಇರುವವರ ಹತ್ತಿರವೇ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಅದನ್ನೇ ಬಳಸಿ, ಒಂದು ಪದವನ್ನೂ ತಿದ್ದಬೇಡಿ. ಇಲ್ಲದಿದ್ದರೆ ಅವರ ಅನುಮತಿ ಪಡೆದು ಈ ಕ್ರಮದಲ್ಲಿ ಹೋಗಿ.

ಇಬ್ಬರು ಬೇರೆ ಬೇರೆಯಾಗಿ ಕೂತು ಅನುವಾದ ಮಾಡಲಿ. ಎರಡನ್ನೂ ಎದುರಿಗಿಟ್ಟು ಒಂದು ಮಾಡಿ. ಮೂಲವನ್ನು ನೋಡಿಯೇ ಇರದ ಮೂರನೆಯವರು ಅದನ್ನು ತಿರುಗಿ ಇಂಗ್ಲಿಷ್‌ಗೆ ಹಾಕಲಿ. ಮೂಲಕ್ಕೂ ಅದಕ್ಕೂ ವ್ಯತ್ಯಾಸ ಬಂದ ಕಡೆ ಕನ್ನಡ ತಿದ್ದಿ. ಇಲ್ಲಿಗೆ ಮುಗಿಯಿತು ಅಂತ ಬಹಳ ಜನ ನಿಲ್ಲಿಸುತ್ತಾರೆ. ಅಸಲಿ ಕೆಲಸ ಶುರುವಾಗುವುದೇ ಇಲ್ಲಿಂದ.

ಐದಾರು ಸಿಸ್ಟರ್‌ಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಪ್ರಶ್ನೆಯನ್ನು ಜೋರಾಗಿ ಓದಿಸಿ, "ಇದರಲ್ಲಿ ಏನು ಕೇಳಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ" ಅನ್ನಿ. ಡಬ್ಲ್ಯುಎಚ್‌ಒ–5ರಲ್ಲಿ ಎದ್ದಾಗ ತಾಜಾತನ, ವಿಶ್ರಾಂತಿ ಅನಿಸುತ್ತಿತ್ತೇ ಅನ್ನುವ ವಾಕ್ಯ ಇದೆ. ಅದನ್ನು "ಬೆಳಿಗ್ಗೆ ಎದ್ದಾಗ" ಅಂತ ಬರೆದು ನೋಡಿ. ನೈಟ್ ಡ್ಯೂಟಿ ಸಿಸ್ಟರ್ ಪೆನ್ನು ಹಿಡಿದು ನಿಂತುಬಿಡುತ್ತಾರೆ. ಅವರು ಬೆಳಿಗ್ಗೆ ಏಳುವುದಿಲ್ಲ, ಮಲಗಲು ಹೋಗುತ್ತಾರೆ. ಕೆಲವರು ರಜೆಯ ದಿನ ನೆನೆಸಿಕೊಂಡು ತುಂಬುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ. ನಿಮ್ಮ ಮುಖ್ಯ ಪ್ರಶ್ನೆಯೇ ನೈಟ್ ಡ್ಯೂಟಿಯದು. "ನಿದ್ದೆಯಿಂದ ಎದ್ದಾಗ" ಅಂದರೆ ಸಾಕಿತ್ತು. ಇಂಥದ್ದು ಡಿಕ್ಷನರಿಯಲ್ಲಿ ಸಿಗುವುದಿಲ್ಲ, ವಾರ್ಡಿನಲ್ಲೇ ಸಿಗಬೇಕು.

ಉತ್ತರದ ಆಯ್ಕೆಗಳನ್ನೂ ಹೀಗೇ ಪರೀಕ್ಷಿಸಿ. "ಅರ್ಧಕ್ಕಿಂತ ಕಡಿಮೆ ಸಮಯ" ಮತ್ತು "ಕೆಲವೊಮ್ಮೆ" ಇವೆರಡರಲ್ಲಿ ಯಾವುದು ಜಾಸ್ತಿ ಅಂತ ಕೇಳಿ. ಅಂಕದ ಲೆಕ್ಕದಲ್ಲಿ ಮೊದಲನೆಯದು 2, ಎರಡನೆಯದು 1. ಓದುವವರಿಗೆ ಉಲ್ಟಾ ಅನಿಸಬಹುದು. ಆಯ್ಕೆಯ ಪಕ್ಕದಲ್ಲೇ ಅಂಕಿಯನ್ನೂ ಮುದ್ರಿಸಿದರೆ ಗೊಂದಲ ಕಡಿಮೆ.

ಕರ್ನಾಟಕದ ಆಸ್ಪತ್ರೆಗಳಲ್ಲಿ ಮಲಯಾಳಿ ಸಿಸ್ಟರ್‌ಗಳು ಎಷ್ಟಿದ್ದಾರೆ ಅಂತ ಗೊತ್ತಲ್ವಾ? ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆ ಇಂಗ್ಲಿಷ್ ಅಥವಾ ಮಲಯಾಳಂ ಫಾರ್ಮ್ ಕೊಡಿ, ಯಾವ ಭಾಷೆಯ ಫಾರ್ಮ್ ಅನ್ನುವುದನ್ನು ಒಂದು ಕಾಲಂನಲ್ಲಿ ದಾಖಲಿಸಿ. ನೀವೇ ಬಾಯಲ್ಲಿ ಅನುವಾದ ಮಾಡಿ ಹೇಳುವುದು ಬೇಡ. ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳುತ್ತೀರಿ.

ಸಣ್ಣ ವಿಷಯ, ಆದರೆ ಪ್ರತಿ ವರ್ಷ ಯಾರಾದರೂ ಸಿಕ್ಕಿಬೀಳುತ್ತಾರೆ: ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಗೂಗಲ್ ಫಾರ್ಮ್‌ಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಆಗಲೇ ಆಗಿದ್ದರೆ ಕನ್ವರ್ಟರ್ ಹಾಕಿ, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ.

## 5. ಎಷ್ಟು ಜನ ಬೇಕು

ಶೇಕಡಾವಾರು ತಿಳಿಯಲು, 95 ಶೇಕಡಾ ಖಚಿತತೆ, 5 ಶೇಕಡಾ ಹೆಚ್ಚು-ಕಡಿಮೆ ಅಂತ ಇಟ್ಟುಕೊಂಡರೆ ದೊಡ್ಡ ಜನಸಂಖ್ಯೆಗೆ 384 ಜನ ಬೇಕು. ನಿಮ್ಮ ಹತ್ತಿರ ಇರುವುದೇ 200 ಜನ. ಸಣ್ಣ ಗುಂಪಿಗೆ ತಿದ್ದಿದ ಲೆಕ್ಕ ಹೀಗೆ: 384ನ್ನು, 1 + (383 ÷ 200) ರಿಂದ ಭಾಗಿಸಿ. 132 ಬರುತ್ತದೆ. ಎಲ್ಲರೂ ಉತ್ತರಿಸುವುದಿಲ್ಲವಾದ್ದರಿಂದ 200 ಜನಕ್ಕೂ ಕೊಟ್ಟುಬಿಡಿ. 60 ಟೀಚರ್‌ಗಳ ಶಾಲೆಯಲ್ಲಿ ಲೆಕ್ಕವೇ 52 ಅನ್ನುತ್ತದೆ, ಅಲ್ಲಿ ಸ್ಯಾಂಪಲ್ ಮಾತೇ ಬೇಡ.

ಎರಡು ಗುಂಪು ಹೋಲಿಸುವುದಾದರೆ ಲೆಕ್ಕ ಬೇರೆ. ಸರಾಸರಿಗಳ ನಡುವೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) ವ್ಯತ್ಯಾಸ ಹಿಡಿಯಲು, 80 ಶೇಕಡಾ ಪವರ್‌ಗೆ, ಅಂದರೆ ವ್ಯತ್ಯಾಸ ನಿಜವಾಗಿ ಇದ್ದರೆ ಅದು ಕಾಣುವ ಸಾಧ್ಯತೆ 80 ಶೇಕಡಾ ಇರಲು, ಒಂದೊಂದು ಗುಂಪಿನಲ್ಲಿ 64 ಜನ ಬೇಕು. ಜಾಸ್ತಿ ನೈಟ್ ಡ್ಯೂಟಿ ಮಾಡುವವರು 20 ಜನ ಮಾತ್ರ ಇದ್ದರೆ "ವ್ಯತ್ಯಾಸ ಕಾಣಲಿಲ್ಲ" ಅನ್ನುವ ಫಲಿತಾಂಶಕ್ಕೆ ಬೆಲೆ ಇಲ್ಲ.

ಕೈಗೆ ಸಿಕ್ಕವರನ್ನು ಮಾತ್ರ ಕೇಳಬೇಡಿ. ಮೆಡಿಕಲ್ ಲೀವ್‌ನಲ್ಲಿರುವವರು, ಗುತ್ತಿಗೆಯವರು, ರಾತ್ರಿ ಪಾಳಿಯವರು ಪಟ್ಟಿಯಲ್ಲಿ ಇರಲಿ. ಆಗಲೂ ಒಂದು ಗುಂಪು ತಪ್ಪಿಹೋಗುತ್ತದೆ: ಸುಸ್ತಾಗಿ ಕೆಲಸ ಬಿಟ್ಟು ಹೋದವರು. ಉಳಿದವರ ಅಂಕ ಚೆನ್ನಾಗಿ ಕಂಡರೆ ಆಸ್ಪತ್ರೆ ಚೆನ್ನಾಗಿದೆ ಅಂತಲೇ ಆಗಬೇಕಿಲ್ಲ. ಹಿಂದಿನ ವರ್ಷ ಎಷ್ಟು ಜನ ರಾಜೀನಾಮೆ ಕೊಟ್ಟರು ಅನ್ನುವ ಅಂಕಿಯನ್ನು ಪಕ್ಕದಲ್ಲಿ ಕೊಡಿ.

## 6. ಗುಟ್ಟು ಗುಟ್ಟಾಗಿಯೇ ಉಳಿಯುವಂತೆ

"ಹೆಸರು ಬರೆಯಬೇಡಿ" ಅಂದ ಮಾತ್ರಕ್ಕೆ ಹೆಸರು ಮುಚ್ಚುವುದಿಲ್ಲ. ವಾರ್ಡ್: ಡಯಾಲಿಸಿಸ್. ಲಿಂಗ: ಗಂಡು. ಸರ್ವಿಸ್: 11 ವರ್ಷ. ಯಾವ ಬ್ರದರ್ ಅಂತ ಇಡೀ ಆಸ್ಪತ್ರೆಗೆ ಗೊತ್ತು. ತುಂಬುವವರೂ ಇದನ್ನು ತಕ್ಷಣ ಲೆಕ್ಕ ಹಾಕುತ್ತಾರೆ, ಆಮೇಲೆ ಎಲ್ಲದಕ್ಕೂ "ಚೆನ್ನಾಗಿದ್ದೇನೆ" ಅಂತ ಗುರುತು ಹಾಕುತ್ತಾರೆ. ವಾರ್ಡ್ ಬದಲು "ಐಸಿಯು ಮಾದರಿ / ಇತರೆ" ಅಂತ ಕೇಳಿ. ಸರ್ವಿಸನ್ನು 5 ವರ್ಷದೊಳಗೆ, 5ಕ್ಕಿಂತ ಮೇಲೆ ಅಂತ ಎರಡೇ ಮಾಡಿ.

ಫಾರ್ಮ್ ಹಂಚುವವರು, ವಾಪಸ್ ತೆಗೆದುಕೊಳ್ಳುವವರು ವಾರ್ಡ್ ಇನ್‌ಚಾರ್ಜ್ ಆಗಿರಬಾರದು. ಲಕೋಟೆ ಅಂಟಿಸಿ, ಪೆಟ್ಟಿಗೆಗೆ ಅವರೇ ಹಾಕಲಿ. ಪೆಟ್ಟಿಗೆ ಸೂಪರಿಂಟೆಂಡೆಂಟ್ ರೂಮಿನ ಎದುರು ಬೇಡ, ಸಿಸಿಟಿವಿ ಕೆಳಗೂ ಬೇಡ. ಡ್ರೆಸ್ ಚೇಂಜ್ ಮಾಡುವ ಕೋಣೆಯ ಹತ್ತಿರ ಇಡಿ. ಕಂಪನಿಯಲ್ಲಿ ಗೂಗಲ್ ಫಾರ್ಮ್ ಬಳಸಿದರೆ ಇಮೇಲ್ ಸಂಗ್ರಹ ಆಫ್ ಆಗಿದೆಯಾ ನೋಡಿ. ಆಫೀಸ್ ಐಡಿಯಿಂದ ಲಾಗಿನ್ ಕೇಳುವ ಫಾರ್ಮನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಅದೇ ಜನರನ್ನು ಮೂರು ತಿಂಗಳ ನಂತರ ಮತ್ತೆ ಅಳೆಯಬೇಕಾದರೆ ಅವರೇ ಕಟ್ಟಿಕೊಳ್ಳುವ ಗುಟ್ಟಿನ ಕೋಡ್ ಕೊಡಿ: ಅಮ್ಮನ ಹೆಸರಿನ ಮೊದಲ ಅಕ್ಷರ, ತಾವು ಹುಟ್ಟಿದ ತಾರೀಖು, ಅಮ್ಮನ ಮೊಬೈಲಿನ ಕೊನೆಯ ಎರಡು ಅಂಕಿ. ಸ್ವಂತ ಮೊಬೈಲ್ ನಂಬರ್ ಬೇಡ, ಅದು ಎಲ್ಲರ ಫೋನಿನಲ್ಲೂ ಇರುತ್ತದೆ.

ಎಚ್ಚರಿಕೆಯ ಗುರುತು: ಒಂದು ವಾರ್ಡಿನಿಂದ ಬಂದ ಫಾರ್ಮ್‌ಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಥರ ತುಂಬಿವೆಯಾ? ಯಾರೋ ಕೂತು "ಮುಗಿಸಿಕೊಟ್ಟಿದ್ದಾರೆ". ಆ ಕಟ್ಟನ್ನು ಪಕ್ಕಕ್ಕಿಡಿ, ಕಾರಣವನ್ನು ವರದಿಯಲ್ಲಿ ಬರೆಯಿರಿ.

## 7. ಸಣ್ಣ ಟ್ರಯಲ್, ಆಮೇಲೆ ಸಂಗ್ರಹ

ಮೊದಲು ಹತ್ತಿಪ್ಪತ್ತು ಜನರ ಹತ್ತಿರ ತುಂಬಿಸಿ. ಎಷ್ಟು ನಿಮಿಷ ಹಿಡಿಯಿತು, ಯಾವ ಪ್ರಶ್ನೆ ಖಾಲಿ ಉಳಿಯಿತು ಅಂತ ಗುರುತು ಮಾಡಿ. ಈ ಫಾರ್ಮ್‌ಗಳನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ.

ಕಾಲ ನೋಡಿಕೊಳ್ಳಿ. ಡಬ್ಲ್ಯುಎಚ್‌ಒ–5 ಎರಡು ವಾರದ ಹಿಂದಕ್ಕೆ ಮಾತ್ರ ನೋಡುತ್ತದೆ. ಇನ್‌ಸ್ಪೆಕ್ಷನ್ ಇರುವ ವಾರ, ಡೆಂಗಿ ರೋಗಿಗಳಿಂದ ವಾರ್ಡ್ ತುಂಬಿರುವ ಮಳೆಗಾಲ, ಶಾಲೆಯಲ್ಲಿ ಪರೀಕ್ಷೆಯ ಮುಂಚೆ ಅಳೆದರೆ ಆ ಎರಡು ವಾರವನ್ನಷ್ಟೇ ಅಳೆದಂತೆ.

## 8. ಅಂಕ ಹಾಕುವುದು

ಡಬ್ಲ್ಯುಎಚ್‌ಒ–5: ಒಂದೊಂದಕ್ಕೆ 0ರಿಂದ 5. ಯಾರೋ 3, 2, 2, 1, 3 ಅಂತ ಕೊಟ್ಟಿದ್ದರೆ ಒಟ್ಟು 11. ಅದನ್ನು 4ರಿಂದ ಗುಣಿಸಿದರೆ 44. ಗರಿಷ್ಠ 100. ಗುಣಿಸುವ ಮುಂಚಿನ ಒಟ್ಟು 13ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ ಕಡಿಮೆ, ಖಿನ್ನತೆ ಇದೆಯೇ ಅಂತ ಮುಂದೆ ನೋಡಬೇಕು ಅನ್ನುವ ಸೂಚನೆ. ಸೂಚನೆ ಅಷ್ಟೇ. "40 ಶೇಕಡಾ ನರ್ಸ್‌ಗಳಿಗೆ ಖಿನ್ನತೆ" ಅಂತ ಇದರಿಂದ ಬರೆಯುವಂತಿಲ್ಲ. ಬರ್ನ್‌ಔಟ್ ಕೂಡ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ–11ರ ಪ್ರಕಾರ ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ.

ಪಿಎಸ್‌ಎಸ್–10ರ ಬಲೆ: 4, 5, 7, 8ನೇ ಪ್ರಶ್ನೆಗಳು ಒಳ್ಳೆಯದರ ಬಗ್ಗೆ. ಕೂಡುವ ಮುಂಚೆ ಅವನ್ನು ತಿರುಗಿಸಬೇಕು; 0 ಇದ್ದದ್ದು 4, 1 ಇದ್ದದ್ದು 3. ಮರೆತರೆ ಎಲ್ಲರ ಅಂಕವೂ ನಡುವಿಗೆ ಬಂದು ಕೂರುತ್ತದೆ. ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಂಕಿ) ತೀರಾ ಕಡಿಮೆ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಮಾಸ್ಲಾಕ್ ಬಳಸಿದವರು ಮೂರೂ ಭಾಗ ಕೂಡಿ ಒಂದೇ ಮೊತ್ತ ಮಾಡಬೇಡಿ. ಅದಕ್ಕೆ ಒಟ್ಟು ಅಂಕ ಅನ್ನುವುದೇ ಇಲ್ಲ.

ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ ತುಂಬಬೇಡಿ. ಈ ಅಳತೆಗಳಲ್ಲಿ ಸೊನ್ನೆಯೂ ಒಂದು ಉತ್ತರ. ಮೂರು ಫಾರ್ಮ್ ತೆಗೆದು ಕೈಯಲ್ಲಿ ಲೆಕ್ಕ ಮಾಡಿ, ಕಂಪ್ಯೂಟರ್ ಕೊಟ್ಟ ಅಂಕದ ಜೊತೆ ತಾಳೆ ನೋಡಿ. ತಾಳೆ ಆಗುವವರೆಗೆ ಮುಂದೆ ಹೋಗಬೇಡಿ.

## 9. "ಕಾರ್ಯಕ್ರಮದಿಂದ ಉಪಯೋಗ ಆಯಿತು" ಅನ್ನುವ ಮುಂಚೆ

ಅತಿ ಹೆಚ್ಚು ಅಧ್ಯಯನಗಳು ಮುಗ್ಗರಿಸುವ ಜಾಗ ಇದು. ಒತ್ತಡದ ಅಂಕ ತುಂಬಾ ಜಾಸ್ತಿ ಇದ್ದ 30 ಜನರನ್ನು ಆರಿಸುತ್ತಾರೆ. ಆರು ವಾರ ಯೋಗ ಮಾಡಿಸುತ್ತಾರೆ. ಮತ್ತೆ ಅಳೆದರೆ ಅಂಕ ಇಳಿದಿರುತ್ತದೆ. ಯೋಗ ಗೆದ್ದಿತು! ಆದರೆ ಜ್ವರ 103ಕ್ಕೆ ಏರಿದವರನ್ನಷ್ಟೇ ಆರಿಸಿಕೊಂಡು ಏನೂ ಮಾಡದೆ ಎರಡು ದಿನ ಬಿಟ್ಟು ನೋಡಿದರೂ ಬಹಳ ಜನಕ್ಕೆ ಇಳಿದಿರುತ್ತದೆ. ತುತ್ತತುದಿಯಲ್ಲಿ ಇದ್ದಾಗ ಅಳೆದದ್ದು ಮುಂದಿನ ಸಲ ಸರಾಸರಿಯ ಕಡೆಗೆ ಸರಿಯುವುದು ಅಂಕಿಗಳ ಸ್ವಭಾವ. ಯೋಗದ ಪಾಲು ಎಷ್ಟು, ಈ ಸರಿದಾಟದ ಪಾಲು ಎಷ್ಟು ಅಂತ ಬೇರ್ಪಡಿಸಲು ಹೋಲಿಕೆಯ ಗುಂಪು ಬೇಕೇ ಬೇಕು.

ಆ ಗುಂಪೂ ಸರಿಯಾದದ್ದಾಗಿರಬೇಕು. ಕ್ಲಾಸಿಗೆ ಬಂದವರನ್ನು ಬಾರದವರ ಜೊತೆ ಹೋಲಿಸಿದರೆ ಮೋಸ ಹೋಗುತ್ತೀರಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಶುರುವಾದ ಪ್ರಯೋಗದಲ್ಲಿ 4,834 ಸಿಬ್ಬಂದಿ ಇದ್ದರು. ಚೀಟಿ ಎತ್ತಿದ ಹಾಗೆ 3,300 ಜನಕ್ಕೆ ಆರೋಗ್ಯ ಕಾರ್ಯಕ್ರಮಕ್ಕೆ ಬರಲು ಅವಕಾಶ ಕೊಟ್ಟರು, 1,534 ಜನಕ್ಕೆ ಕೊಡಲಿಲ್ಲ. ಭಾಗವಹಿಸಿದವರನ್ನು ಭಾಗವಹಿಸದವರ ಜೊತೆ ಹೋಲಿಸಿದಾಗ ವೈದ್ಯಕೀಯ ಖರ್ಚು ಕಡಿಮೆ ಕಂಡಿತು. ಎರಡು ಗುಂಪುಗಳನ್ನು ಇಡಿಯಾಗಿ ಹೋಲಿಸಿದಾಗ ಖರ್ಚಿನಲ್ಲಿ ಗಮನಾರ್ಹ ವ್ಯತ್ಯಾಸವೇ ಸಿಗಲಿಲ್ಲ. ಮೊದಲಿಂದಲೂ ಗಟ್ಟಿಯಾಗಿದ್ದವರೇ ಕಾರ್ಯಕ್ರಮಕ್ಕೆ ಬಂದಿದ್ದರು.

ಶಾಲೆಯ ಕಥೆಯೂ ಹಾಗೇ. ಬ್ರಿಟನ್ನಿನ 85 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಡ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕ್ಲಾಸಿನಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸ) ಕಲಿಸಿದ್ದು ಮಾಮೂಲಿ ಪಾಠಕ್ಕಿಂತ ಮಕ್ಕಳ ಮನಸ್ಸಿಗೆ ಹೆಚ್ಚು ಉಪಯೋಗ ಮಾಡಲಿಲ್ಲ. ಹೋಲಿಕೆಯ ಗುಂಪು ಇಲ್ಲದಿದ್ದರೆ ಈ ಸತ್ಯ ಹೊರಬರುತ್ತಲೇ ಇರಲಿಲ್ಲ.

ನಿಮ್ಮ ಮಟ್ಟಕ್ಕೆ ಸುಲಭದ ದಾರಿ ಹೀಗಿದೆ: ಬರಲು ಇಷ್ಟ ಇರುವ ಎಲ್ಲರ ಕೋಡ್ ತೆಗೆದುಕೊಳ್ಳಿ. ಚೀಟಿ ಎತ್ತಿ ಅರ್ಧ ಜನಕ್ಕೆ ಈಗ, ಉಳಿದ ಅರ್ಧಕ್ಕೆ ಎರಡು ತಿಂಗಳ ನಂತರ ಕ್ಲಾಸ್ ಮಾಡಿ. ಎರಡನೇ ಗುಂಪಿಗೆ ಕ್ಲಾಸ್ ಶುರುವಾಗುವ ಮುಂಚೆ ಎರಡೂ ಗುಂಪನ್ನು ಒಂದೇ ವಾರದಲ್ಲಿ ಅಳೆಯಿರಿ. ಯಾರಿಗೂ ಅನ್ಯಾಯ ಆಗುವುದಿಲ್ಲ, ಹೋಲಿಕೆಯೂ ಸಿಗುತ್ತದೆ. ನಡುವೆ ಬಿಟ್ಟು ಹೋದವರನ್ನು ಲೆಕ್ಕದಿಂದ ಅಳಿಸಬೇಡಿ. ಎಷ್ಟು ಜನ ಬಿಟ್ಟರು, ಅವರ ಮೊದಲ ಅಂಕ ಎಷ್ಟಿತ್ತು ಅಂತ ಬರೆಯಿರಿ.

## 10. ವರದಿ

ಫಲಿತಾಂಶ ಮೊದಲು ತಲುಪಬೇಕಾದ್ದು ಫಾರ್ಮ್ ತುಂಬಿದವರಿಗೆ. ಒಂದು ಪುಟ, ಕನ್ನಡದಲ್ಲಿ, ಡ್ಯೂಟಿ ರೂಮಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಯನ್ನು ಬೇರೆಯಾಗಿ ತೋರಿಸಬೇಡಿ, ಆಡಳಿತ ಎಷ್ಟೇ ಕೇಳಿದರೂ.

"ನೈಟ್ ಡ್ಯೂಟಿಯಿಂದ ನೆಮ್ಮದಿ ಕೆಟ್ಟಿದೆ" ಅಂತ ಒಂದೇ ಸಲದ ಸರ್ವೆಯಿಂದ ಹೇಳಲಾಗದು. ಜಾಸ್ತಿ ನೈಟ್ ಬೀಳುವುದು ಹೊಸಬರಿಗೆ, ಸಂಬಳ ಕಡಿಮೆ ಇರುವುದೂ ಹೊಸಬರಿಗೆ. "ಜೊತೆಯಾಗಿ ಕಂಡುಬಂದಿದೆ" ಅನ್ನಿ, ಸರ್ವಿಸ್ ಪ್ರಕಾರ ಬಿಡಿಸಿದ ಟೇಬಲ್ಲನ್ನೂ ಕೊಡಿ. ಕಾಗದದ ಫಾರ್ಮ್‌ಗಳು ಆಸ್ಪತ್ರೆಯ ಕಪಾಟಿನಲ್ಲಿ ಅಲ್ಲ, ನಿಮ್ಮ ಅಥವಾ ಗೈಡ್ ಹತ್ತಿರ ಬೀಗದೊಳಗೆ ಇರಲಿ. ಎಷ್ಟು ವರ್ಷ ಅಂತ ಎಥಿಕ್ಸ್ ಕಮಿಟಿ ಪತ್ರದಲ್ಲಿ ಒಪ್ಪಿಕೊಂಡಿರುತ್ತೀರಿ, ಅಷ್ಟು ವರ್ಷ.

ಮುಂದಿನ ವರ್ಷ ಮತ್ತೆ ಮಾಡುವುದಾದರೆ ಅದೇ ತಿಂಗಳು, ಅದೇ ಫಾರ್ಮ್, ಅದೇ ಪದ. ನಡುವೆ ಒಂದು ವಾಕ್ಯ ಚೆನ್ನಾಗಿ ಕಾಣಲಿ ಅಂತ ತಿದ್ದಿದರೂ ಎರಡು ವರ್ಷದ ಅಂಕಗಳನ್ನು ಪಕ್ಕ ಪಕ್ಕ ಇಡಲು ಬರುವುದಿಲ್ಲ.